ಇಲ್ಲದ ಬಟನ್‌ಗೆ ಹಾಜರಿ

ಮನೆಯ ಹಿಂಬದಿ ಕೋಣೆ,
ಗುರುವಾರ ಮಧ್ಯಾಹ್ನ, ಮಾರ್ಚ್ ೧೨

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಇಳಿಯಿತೇ? ತರಬೇತಿಯವರು ಕೊಟ್ಟ ಕೋಣೆಯಲ್ಲಿ ಬಿಸಿನೀರು ಬರುತ್ತಿದೆಯೇ? ನನ್ನ ಮಂಡಿ ಎಂದಿನಂತೆ ಮುನಿಸಿಕೊಂಡಿದೆ, ಉಳಿದಂತೆ ಕ್ಷೇಮ.

ಈಗ ನಿನ್ನ ಯಜಮಾನರ ವಿಷಯ. ನೀನು ಹೊರಟಾಗ ಕಚೇರಿಯವರು ವೆಬ್ ಪುಟಗಳನ್ನು ಪರೀಕ್ಷಿಸುವ ನಿನ್ನ ಕೆಲಸವನ್ನು ಅವರಿಗೆ ವಹಿಸಿದರಷ್ಟೆ. ಕಳೆದ ತಿಂಗಳು ಆಸ್ಪತ್ರೆಯ ವೆಬ್ ಪುಟದಿಂದ ತುರ್ತು ಕರೆಯ ಬಟನ್ ಮಾಯವಾಯಿತು, ಯಂತ್ರ ನಡೆಸುವ ಪರೀಕ್ಷೆಗೆ ಅದು ತಿಳಿಯಲೇ ಇಲ್ಲ. ಬರುವ ಗುರುವಾರ ವಿಚಾರಣೆ. ಅಳಿಯಂದಿರ ಕೆಲಸ ಹೋದರೂ ಹೋದೀತು. ಅವರ ಮೇಲೆ ನನಗೂ ಗುಮಾನಿಯಿತ್ತು. ಪರದೆಯ ಮೇಲೆ ಪುಟ ತಾನೇ ತೆರೆದುಕೊಳ್ಳುತ್ತದೆ, ಅಕ್ಷರಗಳು ತಾವೇ ಮೂಡುತ್ತವೆ, ಸಾಲುಸಾಲಾಗಿ ಪಾಸಾಯಿತೆಂಬ ಹಸಿರು ಗುರುತು ಬೀಳುತ್ತದೆ. ಇವರು ಪಕ್ಕದಲ್ಲಿ ಬಟ್ಟೆ ಮಡಚುತ್ತಿರುತ್ತಾರೆ! ಕೇಳಿದರೆ, "ಅತ್ತೆ, ಪುಟದಲ್ಲಿ ಇರಬೇಕಾದ್ದೆಲ್ಲ ಇದೆಯಾ ಅಂತ ಯಂತ್ರವೇ ನೋಡ್ಕೊಳ್ಳತ್ತೆ" ಎಂಬ ಉತ್ತರ. ಪ್ರಶ್ನೆಯೂ ತಮ್ಮದೇ, ಅಂಕವೂ ತಮ್ಮದೇ ಆದರೆ ಯಾವ ದಡ್ಡ ತಾನೆ ನಪಾಸಾಗುತ್ತಾನೆ?

ಹಾಜರಿ ಕರೆಯುವಾಗ ನಾನು ತರಗತಿಯಲ್ಲಿ ಇಲ್ಲದ ಹೆಸರೊಂದನ್ನು ನಡುವೆ ತೂರಿಸುತ್ತಿದ್ದೆ. ಅದಕ್ಕೂ 'ಹಾಜರ್' ಎಂಬ ದನಿ ಬಂದರೆ, ಬೇರೆಯವರ ಪರವಾಗಿ ಕೂಗುವ ಕಳ್ಳ ಸಿಕ್ಕಿದಂತೆಯೇ. ನಿನ್ನೆ ಅದನ್ನೇ ಮಾಡಿಸಿದೆ. "ಪುಟದ ನಕಲೊಂದರಿಂದ ಆ ಬಟನ್ ತೆಗೆದುಹಾಕಿ ಪರೀಕ್ಷೆ ನಡೆಸಿ" ಎಂದೆ. "ಅವತ್ತು ಯಂತ್ರ ಕೈಕೊಟ್ಟಿರಬೇಕು ಅತ್ತೆ, ಈಗ ಕೆಂಪು ಬರತ್ತೆ, ಇನ್ನೇನು" ಎಂದು ನಕ್ಕರು. ಬಂದದ್ದು ಹಸಿರು. ಹುಡುಕಿದ್ದು ಸಿಗದಿದ್ದರೆ ಯಂತ್ರವು ಖಾಲಿ ಪಟ್ಟಿಯನ್ನು ತಂದುಕೊಡುತ್ತದಂತೆ. ಪಟ್ಟಿ ಬಂತೇ ಎಂದು ಕೇಳಲಾಗಿತ್ತೇ ಹೊರತು, ಅದರೊಳಗೆ ಏನಾದರೂ ಇದೆಯೇ ಎಂದು ಕೇಳಿರಲಿಲ್ಲ. ಖಾಲಿ ತಟ್ಟೆ ಮುಂದಿಟ್ಟು ಊಟವಾಯಿತೆಂದು ಬರೆದುಕೊಂಡ ಹಾಗೆ! ಅಳಿಯಂದಿರು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ಈ ಪರೀಕ್ಷೆ ನಾನೇ ಬರೆದದ್ದು ಅತ್ತೆ, ನನ್ನದೇ ತಪ್ಪು" ಎಂದರು, ನಾನು ಬಾಯಿ ತೆರೆಯುವ ಮೊದಲೇ. ರಾತ್ರಿ ಸರಿಯಾಗಿ ಉಣ್ಣಲೂ ಇಲ್ಲ.

ಔಷಧಿ ತಪ್ಪಿಸಬೇಡ. ನಿನಗೆ ಸದಾ ಒಳಿತಾಗಲಿ.

ಇಂತಿ ನಿನ್ನ ಅಮ್ಮ,
(ನಿವೃತ್ತ ಮುಖ್ಯ ಶಿಕ್ಷಕಿ)

ತಾ.ಕ.: ಕೇಳುವ ಮೊದಲೇ ತಪ್ಪೊಪ್ಪಿಕೊಂಡ ಮಗುವನ್ನು ಬಿಟ್ಟು, ಅದರ ಪಕ್ಕ ಕುಳಿತದ್ದನ್ನು ವಿಚಾರಿಸುವುದು ನನ್ನ ಪದ್ಧತಿ. ಆಸ್ಪತ್ರೆ ಪುಟದ ಈ ಪರೀಕ್ಷೆಗಳನ್ನು ಬರೆದು ಮುಗಿಸಿದ ದಿನ "ಎಲ್ಲಾ ಹಸಿರು, ಅಮ್ಮಾ!" ಎಂದು ಅಡುಗೆಮನೆಯಲ್ಲಿ ಕುಣಿದವಳು ನೀನು, ಅಳಿಯಂದಿರು ಆಗ ಬೇರೆ ವಿಭಾಗದಲ್ಲಿದ್ದರು. ವಿಚಾರಣೆಗೆ ಮುಂಚೆ ಮೇಲಧಿಕಾರಿಗೆ ನೀನೇ ಫೋನ್ ಮಾಡಿ ನಿಜ ಹೇಳತಕ್ಕದ್ದು. ಹೇಳಿದೆನೆಂದು ನನಗೆ ತಿಳಿಸುವ ಅಗತ್ಯವಿಲ್ಲ, ಆ ಮೇಲಧಿಕಾರಿಯನ್ನೇ ಕೇಳುತ್ತೇನೆ.