ತಲೆ ಬಾಚದ ಹೊತ್ತು

ಅಮ್ಮಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾರಿಗೂ ಹೇಳಲಾರೆ.

ಗುಜರಿ ಅಂಗಡಿಯಲ್ಲಿ ಬಾಟಲಿ ತೊಳೆಯುವ ಹೆಂಗಸೊಬ್ಬಳ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದೇನೆ. ಊರಿಗೆಲ್ಲ ತೋರಿಸುವ ಮೊದಲು ಆಕೆ ನೋಡಲಿ ಎಂದು ಇವತ್ತು ಎಡಿಟಿಂಗ್ ಕೋಣೆಗೆ ಕರೆಸಿದ್ದೆ. ಸೋರುವ ಸೂರು, ಖಾಲಿ ಡಬ್ಬಿ, ತಾನು ಬಿಕ್ಕಿ ಅತ್ತದ್ದು, ಎಲ್ಲವನ್ನೂ ನೋಡಿ, "ಇರಲಿ ಬಿಡಿ, ಇರೋದೇ ತಾನೆ. ನನ್ನ ಮೂಗು ಮಾತ್ರ ಇಷ್ಟು ದಪ್ಪ ಇಲ್ಲ" ಎಂದು ನಕ್ಕಳು.

ಆಮೇಲೆ ಆಕೆಯ ಅತ್ತೆ ಮೂಲೆಯಲ್ಲಿ ಬಾಯಿ ತೆರೆದು ಮಲಗಿದ್ದ ದೃಶ್ಯ ಬಂತು. ನನಗೆ ಬಲು ಇಷ್ಟವಾದದ್ದು. ಆಕೆ ತಟ್ಟನೆ ಅಂಗೈಯಿಂದ ಪರದೆ ಮುಚ್ಚಿದಳು.

"ಇದನ್ನ ತೆಗೀರಿ. ನಾನು ಹೂಂ ಅಂದಿದ್ದು ನನ್ನ ಮಟ್ಟಿಗೆ. ಇವರನ್ನ ಕೇಳಿದ್ರಾ? ನಮ್ಮತ್ತೆ ತಲೆ ಬಾಚದೆ ಬಾಗಿಲಿಗೂ ಬರೋರಲ್ಲ."

ನಾನು ಕುರ್ಚಿಯಿಂದ ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಕ್ಯಾಮೆರಾ ಹೊತ್ತರೂ ನನಗೆ ಕಾಣದ್ದು ಆಕೆಗೆ ಒಂದು ಗಳಿಗೆಯಲ್ಲಿ ಕಂಡಿತ್ತು. ದೃಶ್ಯ ತೆಗೆದೆ. ಪರದೆಯ ಮೇಲಿನ ಐದು ಬೆರಳ ಗುರುತನ್ನು ಒರೆಸಲು ಮನಸ್ಸು ಬರಲಿಲ್ಲ.

ಅಮ್ಮಾ, ನನಗೆ ಹೆಸರು ತಂದ ಮೊದಲ ಚಿತ್ರ ಶುರುವಾಗುವುದು ನಿನ್ನ ಒಡೆದ ಹಿಮ್ಮಡಿಯಿಂದ. ಕೆಲಸದಿಂದ ಬಂದವಳು ನೀನು ಹಾಗೇ ನಿದ್ದೆ ಹೋಗಿದ್ದೆ.