ಮಡಿ ಗಳದ ಮೇಲಿನ ಗಾಂಜಾ

ಪುಣೆ, ೨೯ ನವೆಂಬರ್ ೧೯೩೪, ಗುರುವಾರ

ಗಾಂಜಾ ಹಾಳಾಯಿತು. ಹಿತ್ತಲ ತೊಗರಿ ಸಾಲಿನ ನಡುವೆ, ಪರವಾನಗಿ ಇಲ್ಲದೆ, ಪೊಲೀಸರ ಕಣ್ಣು ತಪ್ಪಿಸಿ ಬೆಳೆಸಿದ್ದೆ. ಹೆಂಡತಿ ನರ್ಮದಾಳ ಹೊಟ್ಟೆಯ ಗಂಟಿಗೆ ಬೇರೆ ಔಷಧ ನಾಟುತ್ತಿಲ್ಲ. ಇದನ್ನು ಹಾಲಿನಲ್ಲಿ ಅರೆದು ಕುಡಿಸಿದರೆ ಮಾತ್ರ ಒಂದಿಷ್ಟು ಕಣ್ಣು ಮುಚ್ಚುತ್ತಾಳೆ.

ಕೊಯ್ದ ಟೊಂಗೆಗಳನ್ನು ನೆರಳಲ್ಲಿ ಒಣಗಿಸಬೇಕಿತ್ತು. ಅತ್ತೆ ರಂಗೂಬಾಯಿಯವರು ಮಡಿ ಸೀರೆ ಹರವುವ ಗಳವನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವರು ನದಿಗೆ ಹೋದಾಗ ಅಲ್ಲೇ ತೂಗುಹಾಕಿದೆ.

ಇವತ್ತು ಇಳಿಸಿದರೆ ಎಲ್ಲದಕ್ಕೂ ಬಿಳಿ ಬೂಷ್ಟು, ಮುಗ್ಗಲು ವಾಸನೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನನಗ ಅವತ್ತೇ ಗೊತ್ತಾತು. ಯಾರಿಗೂ ಕಾಣಬಾರದಂತ ದಿನಾ ಹಸಿ ಸೀರಿ ಅದರ ಮ್ಯಾಲೇ ಹಾಕಿದೆ," ಎಂದರು.

ಮೈಲಿಗೆಯೆಂದು ತಿಳಿದೂ ಅದೇ ಸೀರೆ ಉಟ್ಟು ದೇವರ ಮುಂದೆ ಕೂತವರು. ಮಗಳಿಗಾಗಿ. ಆ ಹಸಿಯೇ ಇದನ್ನು ಕೊಳೆಸಿತೆಂದು ಹೇಗೆ ಹೇಳಲಿ? ಅರೆಯುವ ಕಲ್ಲನ್ನು ಆಗಲೇ ತೊಳೆದಿಟ್ಟಿದ್ದರು.

ಒಳಗಿನಿಂದ ನರ್ಮದಾ ಕೇಳಿದಳು, "ಒಣಗ್ಯದೇನ್ರಿ?"

"ಇನ್ನಾ ಹಸಿ ಅದ," ಎಂದೆ.

"ಆಗ್ಲಿ, ತಡಕೋತೀನಿ," ಎಂದಳು.

ಮುಂದಿನ ಬೆಳೆ ಬರುವುದು ಮುಂದಿನ ಕಾರ್ತಿಕಕ್ಕೆ. ಅಲ್ಲಿಯವರೆಗೆ ಅವಳು…