ಮೂವತ್ತು ಊರು ತಿರುಗಿದವರು ಯಾರು

ನವೆಂಬರ್ 3, ಸೋಮವಾರ

ಶಿಕಾರಿಪುರದಲ್ಲಿ ಎರಡು ಪೀರಿಯಡ್ ಮುಗಿಸಿ ಶಿರಾಳಕೊಪ್ಪಕ್ಕೆ. ಡಿಟಿಪಿ ಉದಯನ ಅಂಗಡಿಯಲ್ಲಿ ಕೆರೆಬೇಟೆ ಪ್ರಬಂಧದ ಎರಡನೇ ಅಧ್ಯಾಯ ತಿದ್ದಿದೆ. ಒತ್ತಕ್ಷರಗಳೆಲ್ಲ ಮತ್ತೆ ಚೆಲ್ಲಾಪಿಲ್ಲಿ. "ಐದು ವರ್ಷ ಕಾದೀರಿ, ಇನ್ನೊಂದು ವಾರ ಏನ್ ಮಹಾ ಮೇಡಂ" ಅಂತಾನೆ. ಇವನ ತಲೆ!

ತಿಂಗಳ ಕೊನೆಗೆ ಕೊಲೊಕ್ವಿಯಂ, ವಿಭಾಗದವರೆದುರು ಪ್ರಬಂಧ ಮಂಡನೆ. ಆಮೇಲೆ ಗೈಡ್ ಸಹಿ, ಸಲ್ಲಿಕೆ. ಪಿಎಚ್‌ಡಿ ಆಗದಿದ್ದರೆ ಮುಂದಿನ ವರ್ಷ ಗೆಸ್ಟ್ ಲೆಕ್ಚರರ್ ಕೆಲಸವೂ ಇಲ್ಲ. ಪ್ರಿನ್ಸಿಪಾಲರು ಮುಖಕ್ಕೇ ಹೇಳಿಬಿಟ್ಟಿದ್ದಾರೆ.

ನವೆಂಬರ್ 6

ಬೆಳಿಗ್ಗೆಯೇ ಗೈಡ್ ಫೋನ್. ಚಂದ್ರಶೇಖರ್ ಸರ್ ತಾವಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಲೈಬ್ರರಿ ಡೇಟಾಬೇಸಿನಾಗ ಎಐ ಸರ್ಚ್ ಐತಲ್ರೀ, ಅದ್ರಾಗ ಕೆರೆಬೇಟೆ ಅಂತ ಹೊಡೀರಿ. ಫಸ್ಟು ನನ್ ಲೇಖನಾನೇ ಬರ್ತತಿ!"

ಹೋದ ವರ್ಷ ಅದೇ ಟೂಲ್ ಬಳಸಿದೆ ಅಂದಾಗ "ಮಷಿನ್ ಕೇಳಿ ಪಿಎಚ್‌ಡಿ ಮಾಡ್ತೀರೇನ್ರೀ" ಅಂತ ಎಲ್ಲರೆದುರು ಬೈದವರು ಇವರೇ. ಈಗ ಮಷಿನ್ನು ದೇವರು.

ಹೊಡೆದೆ. ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸಾರಾಂಶ — ಸೊರಬ ಸೀಮೆಯ ಮೂವತ್ತು ಊರುಗಳ ಕೆರೆಬೇಟೆಯನ್ನು ಲೇಖಕರು ಸಮೀಕ್ಷೆ ಮಾಡಿದ್ದಾರಂತೆ. ಕೆಳಗೆ ಸರ್ ಹೆಸರು, 2009ರ ಲೇಖನ.

ಮೂವತ್ತು ಊರು ತಿರುಗಿದ್ದು ನಾನು! ಐದು ಬೇಸಿಗೆ. ಕೆರೆ ನೀರು ಇಳಿದು, ಊರಿಗೆ ಊರೇ ಬಿದಿರಿನ ಕೂಣಿಬುಟ್ಟಿ ಹಿಡಿದು ಮೀನಿಗೆ ಕೆಸರಿಗಿಳಿಯುವಾಗ ದಂಡೆ ಮೇಲೆ ನಿಂತದ್ದು ನಾನು ಮತ್ತು ಅತ್ತೆ. ಒಬ್ಬಳೇ ಹೋದರೆ ಗಂಡಸರು ಮಾತಾಡಲ್ಲ ಅಂತ ಅತ್ತೆ ಪ್ರತಿ ಸಲ ಕುಪ್ಪಗಡ್ಡೆಯಿಂದ ಬಂದು ಜೊತೆಯಾದವರು.

ಲ್ಯಾಪ್‌ಟಾಪ್ ಟಪ್ಪನೆ ಮುಚ್ಚಿದೆ. ಸಿಟ್ಟಿಗೇ.

ನವೆಂಬರ್ 7

ಆ ಲೇಖನ ಮತ್ತೆ ಪೂರ್ತಿ ಓದಿದೆ. ಆರು ಪುಟ. ಒಂದು ಊರು, ಒಂದು ದಿನದ ಭೇಟಿ. ಕೊನೇ ಪ್ಯಾರಾದಲ್ಲಿ — "ಇಂಥ ಮೂವತ್ತು ಊರುಗಳಾದರೂ ಇರಬಹುದು. ಯಾರಾದರೂ ಅವುಗಳ ಸಮೀಕ್ಷೆ ಮಾಡಬೇಕು."

ಮಾಡಬೇಕು ಅಂದದ್ದನ್ನು ಮಾಡಿದ್ದಾರೆ ಅಂತ ಓದಿಕೊಂಡಿದೆ ಮಷಿನ್ನು. ಆ ಸಾಲು ಓದಿಯೇ ನಾನು ಈ ವಿಷಯ ಹಿಡಿದದ್ದು.

ಟೂಲನ್ನು ದೂರಲ್ಲ. ಕರಾವಳಿ ಕಡೆಯ ಎಷ್ಟೋ ಲೇಖನ ಅದರಿಂದಲೇ ಸಿಕ್ಕಿದ್ದು. ಹುಡುಕಿ ಕೊಡುತ್ತೆ, ತೆಗೆದು ಓದೋದು ನಮ್ಮ ಕೆಲಸ. ಹಾಗಂತಲೇ ಮೊದಲ ಅಧ್ಯಾಯಕ್ಕೆ ಒಂದು ಪ್ಯಾರಾ ಸೇರಿಸಿದೆ: ಈ ಟೂಲ್ ಬಳಸಿದ್ದೇನೆ, ಈ ಲೇಖನದ ಸಾರಾಂಶ ತಪ್ಪು, ಮೂಲದಲ್ಲಿ ಸಮೀಕ್ಷೆ ಇಲ್ಲ. ಸರ್‌ಗೆ ಮೇಲ್ ಮಾಡಿದೆ.

ನವೆಂಬರ್ 12

ಸರ್ ರೂಮು. ಕೂರು ಅನ್ನಲಿಲ್ಲ.

"ಆ ಪ್ಯಾರಾ ತೆಗೀರಿ. 'ಮಾರ್ಗದರ್ಶಕರ ಸಮೀಕ್ಷೆಯ ಮುಂದುವರಿಕೆ' ಅಂತ ಬರೀರಿ."

"ನೀವು ಸಮೀಕ್ಷೆ ಮಾಡಿಲ್ಲ ಸಾರ್."

"ಮಾಡಿಲ್ಲ ಅನ್ನೋಕೆ ನೀವ್ಯಾರ್ರೀ? ಅಷ್ಟು ದೊಡ್ಡ ಡೇಟಾಬೇಸು ಸುಳ್ಳು ಹೇಳ್ತತೇನು?"

"ಲೇಖನ ನಿಮ್ಮದೇ. ತೆಗೆದು ನೋಡಿ."

"ನನ್ ಲೇಖನ ನನಗೆ ಗೊತ್ತಿಲ್ವಾ?"

ಓದಿಲ್ಲ. ಬರೆದ ಮೇಲೆ ಇವತ್ತಿನವರೆಗೂ ಓದಿಲ್ಲ ಮಹಾನುಭಾವರು! ಸುಳ್ಳು ಹೇಳ್ತಿದ್ದಾರೆ ಅಂದುಕೊಂಡು ಹೋಗಿದ್ದೆ. ಅಲ್ಲ. ನಿಜವಾಗಿಯೂ ತಾವೇ ತಿರುಗಿದ್ದು ಅಂತ ನಂಬಿಬಿಟ್ಟಿದ್ದಾರೆ.

ತೆಗೆಯದಿದ್ದರೆ ಸಹಿ ಇಲ್ಲ ಅಂದರು. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ.

ನವೆಂಬರ್ 13

ಅತ್ತೆಗೆ ಹೇಳಿದೆ. ಮೊದಲು ನಕ್ಕರು. ಆಮೇಲೆ ಮುಖ ಕೆಂಪಾಯಿತು.

"ಎಂತದೇ ಅದು? ಕಾಲು ನಮ್ಮದು, ಕೆಸರು ನಮ್ಮದು, ತಿರುಗಿದ್ದು ಅವನಾ? ಬರ್ಕೊಡಬ್ಯಾಡ ನೋಡು."

"ಸಹಿ ಹಾಕಲ್ವಂತೆ ಅತ್ತೆ. ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ಸುಮ್ನೆ ಬರ್ಕೊಟ್ಟು ಮನೆಗೆ ಬಂದ್ಯೋ, ನನ್ ಹತ್ರ ಮಾತಾಡಬ್ಯಾಡ."

ನವೆಂಬರ್ 24

ಬರೆಯದೆ ಹತ್ತು ದಿನದ ಮೇಲಾಯಿತು. ಸರ್ ಫೋನ್ ಎತ್ತುತ್ತಿಲ್ಲ. ಉದಯ ಎರಡು ಫೈಲ್ ಮಾಡಿಟ್ಟಿದ್ದಾನೆ — ಪ್ಯಾರಾ ಇರುವುದು, ಇಲ್ಲದ್ದು. "ಯಾವ್ದು ಪ್ರಿಂಟ್ ಕೊಡ್ಲಿ ಮೇಡಂ?"

ಇಲ್ಲದ್ದನ್ನು ಒಂದು ಸಲ ತೆರೆದು ನೋಡಿದೆ. ನೋಡಲಿಲ್ಲ ಅಂತ ಯಾಕೆ ಬರೆಯಲಿ? ಹೆದರಿಕೆ ಇದೆ. ಎಂಟು ಸಾಲು ತೆಗೆದರೆ ಎಲ್ಲ ಸಲೀಸು.

ಇರುವುದನ್ನೇ ಕೊಡು ಅಂದೆ. ಇನ್ನೊಂದನ್ನು ನನ್ನೆದುರೇ ಅಳಿಸು ಅಂದೆ.

ನವೆಂಬರ್ 28, ಸಂಜೆ

ಕೊಲೊಕ್ವಿಯಂ ಆಯಿತು.

ಪ್ಯಾರಾ ಓದಿದೆ. ಹೆಸರು ಸಮೇತ. ಅಧ್ಯಕ್ಷೆ ನೀಲಾಂಬಿಕ ಮೇಡಂ ಕನ್ನಡಕ ತೆಗೆದರು. "ಇದು ನಿಮ್ಮ ಗೈಡ್ ಲೇಖನಾನೇ ಅಲ್ವಾ?"

"ಹೌದು ಮೇಡಂ."

ಸರ್ ಎದ್ದರು. "ಇವ್ರು ತಪ್ಪು ಓದ್ಯಾರೆ. ಸಮೀಕ್ಷೆ ಐತಿ ಅದ್ರಾಗೆ."

ಝೆರಾಕ್ಸ್ ಕೊಟ್ಟೆ. "ಯಾವ ಪುಟ, ತೋರಿಸಿ ಸಾರ್."

ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಕೊನೇ ಪುಟದಲ್ಲಿ ಬೆರಳು ನಿಂತಿತು.

"ಇಷ್ಟೇ ಏನ್ರೀ?" ಅಂದರು, ನನಗೆ ಮಾತ್ರ ಕೇಳಿಸುವಷ್ಟು. "ಇನ್ನೂ ಪುಟ ಇದ್ವಲ್ಲ…"

ಪಾಪ ಅನ್ನಿಸಿತು. ಆದರೂ ಕೂರಲಿಲ್ಲ. ನಿಂತೇ ಎರಡನೇ ಅಧ್ಯಾಯ ಶುರು ಮಾಡಿದೆ.

ಡಿಸೆಂಬರ್ 1

ಸರ್ ಫೋನ್. ದನಿ ಸಣ್ಣಗಾಗಿದೆ.

"ಸಹಿ ಹಾಕ್ತೀನಿ. ಆ ಪ್ಯಾರಾನೂ ಇರ್ಲಿ. ನನ್ ಹೆಸ್ರು ಬ್ಯಾಡ ಅಷ್ಟೇ. 'ಒಬ್ಬ ಲೇಖಕರು' ಅಂತ ಮಾಡ್ರಿ, ಸಾಕು."

"ಹೆಸರು ಇರುತ್ತೆ ಸಾರ್. ಯಾರಾದರೂ ಮಾಡಬೇಕು ಅಂತ ಬರೆದದ್ದು ನೀವೇ. ಅದನ್ನೂ ಹಾಕಿದ್ದೀನಿ. ಮಾಡಿದ್ದು ನಾನು, ನಮ್ಮತ್ತೆ ಹುಲಿಗೆಮ್ಮ. ಅದೂ ಇರುತ್ತೆ."

ಆ ಕಡೆ ಹಾಳೆ ತಿರುವುವ ಸದ್ದು.

"ನಾಳೆ ಹನ್ನೊಂದಕ್ಕೆ ಬರ್ರಿ" ಅಂದರು.

ಸಹಿಗೋ, ಬೈಯೋಕೋ ಹೇಳಲಿಲ್ಲ. ಕೇಳಲೂ ಇಲ್ಲ ನಾನು. ಯಾವುದಕ್ಕಾದರೂ ಕರೆಯಲಿ, ಬಿಡಿ ಹಾಳೆ ಹಿಡಿದು ಹೋಗಲ್ಲ. ಬೈಂಡ್ ಮಾಡಿಸಿಕೊಂಡೇ ಹೋಗ್ತೀನಿ, ಐದೂ ಪ್ರತಿ, ಗಟ್ಟಿ ರಟ್ಟು, ಬಂಗಾರದ ಅಕ್ಷರ. ಉದಯ ಅಂಗಡಿ ಮುಚ್ಚೋದರೊಳಗೆ ಓಡಬೇಕು.